ಅಗಲ ಟೈರು ಬೇಡ ಎಂದವರು

ಮೂಡಲಗಿಯ ಕಾಕಾ ತೀರಿಹೋದ ಸುದ್ದಿ ಬಂದಾಗ ನಾನು ಹುಕ್ಕೇರಿ ಹತ್ತಿರದ ಒಂದು ಹಳ್ಳಿಯಲ್ಲಿ ಎಮ್ಮೆಯೊಂದರ ಕಿವಿ ಹಿಡಿದುಕೊಂಡು ನಿಂತಿದ್ದೆ. ಕಿವಿಗೆ ಹಳದಿ ಬಿಲ್ಲೆ ಚುಚ್ಚುವುದು ಈಗ ನಮ್ಮ ಇಲಾಖೆಯ ದೊಡ್ಡ ಕೆಲಸ. ನಾನು ಪಶು ಆಸ್ಪತ್ರೆಯ ಇನ್‌ಸ್ಪೆಕ್ಟರ್, ಡಾಕ್ಟರನಲ್ಲ. ಆದರೆ ಈ ಮೂರು ತಾಲೂಕಿನ ಜನ ನನ್ನನ್ನು ಮೂವತ್ತು ವರ್ಷಗಳಿಂದ ಡಾಕ್ಟರ್ ಎಂದೇ ಕರೆದು ಸರ್ಕಾರ ಕೊಡದ ಬಡ್ತಿಯನ್ನು ತಾವೇ ಕೊಟ್ಟಿದ್ದಾರೆ. ನಿವೃತ್ತಿಗೆ ಇನ್ನು ಸ್ವಲ್ಪವೇ ದಿನ. ಬೆಳಿಗ್ಗೆ ಎದ್ದರೆ ಸೊಂಟ ಮೊದಲು ಏಳುವುದಿಲ್ಲ, ಆಮೇಲೆ ಮನಸ್ಸೂ ಏಳುವುದಿಲ್ಲ. ಅಂಥ ಒಂದು ದಿನ ಹೆಂಡತಿಯ ತಮ್ಮ ನಾಗನೂರಿನಿಂದ ಫೋನ್ ಮಾಡಿದ.

"ಮಾಮಾ, ಮೂಡಲಗ್ಯಾಗಿನ ಆ ಟೈರಿನವ ಹ್ವಾದ್ನಂತ. ನಿನ್ನೆ ಸಂಜಿಕಿ. ಇವತ್ತ ಮುಂಜಾನೆ ಮಣ್ಣೂ ಆತಂತ. ಅಕ್ಕಗ ಹೇಳ್ರಿ" ಎಂದ.

ಆ ಟೈರಿನವ. ನಮ್ಮ ಮನೆಯಲ್ಲಿ ಆರು ವರ್ಷಗಳಿಂದ ಆ ಮನುಷ್ಯನಿಗೆ ಇದೇ ಹೆಸರು. ಹಾಗೆ ಕರೆಯಬೇಡ ಎಂದು ಹೇಳುವ ಹಕ್ಕು ನನಗೊಬ್ಬನಿಗೇ ಇತ್ತು, ಹೇಳಲಿಲ್ಲ. ಅವತ್ತೂ "ಹೌದಾ" ಎಂದಷ್ಟೇ ಅಂದು ಫೋನ್ ಕಿಸೆಗೆ ಹಾಕಿದೆ. ಎಮ್ಮೆಯ ಯಜಮಾನ, "ಯಾರರಿ, ಬೇಕಾದವರೇನ್ರಿ?" ಎಂದು ಕೇಳಿದ. ನಾನು ಇನ್ನೊಂದು ಬಿಲ್ಲೆ ತೆಗೆದೆ.

ಬೇಕಾದವರೇ ಆಗಿದ್ದರು. ನಾನು ಮೂಡಲಗಿಯಲ್ಲಿ ಕೆಲಸಕ್ಕಿದ್ದ ಹನ್ನೊಂದು ವರ್ಷ ನನ್ನ ಬೈಕಿನ ಗಾಲಿಯನ್ನು ಅವರೊಬ್ಬರೇ ಮುಟ್ಟಿದವರು. ನಮ್ಮ ಮನೆ ಗೋಕಾಕದಲ್ಲಿ. ಅಲ್ಲಿಂದ ದಿನಾ ಹೋಗಿ ಬರುವುದು, ನಡುವೆ ಹಳ್ಳಿಹಳ್ಳಿ ತಿರುಗುವುದು. ಮೊಳೆ, ಮುಳ್ಳು, ಕಬ್ಬಿನ ಟ್ರ್ಯಾಕ್ಟರಿನಿಂದ ಉದುರಿದ ತಂತಿ, ಏನಾದರೊಂದು ಚುಚ್ಚುತ್ತಲೇ ಇತ್ತು. ಗುರ್ಲಾಪುರದ ಕಡೆಯಿಂದ ಊರೊಳಗೆ ಬರುವ ರಸ್ತೆಯ ಬಾಜೂ ಅವರದೊಂದು ತಗಡಿನ ಅಂಗಡಿ. ಬೋರ್ಡಿರಲಿಲ್ಲ, ಎಲ್ಲರಿಗೂ ಅದು ಕಾಕಾನ ಅಂಗಡಿ. ಸತ್ತ ಲಾರಿ ಟೈರೊಂದಕ್ಕೆ ಗೋಣಿಚೀಲ ತುರುಕಿ ಕುರ್ಚಿ ಮಾಡಿಕೊಂಡು ಕುಳಿತಿರುತ್ತಿದ್ದರು. ಖಾಕಿ ಅಂಗಿ, ಮಂಡಿತನಕ ಎತ್ತಿಕಟ್ಟಿದ ಧೋತರ, ತಲೆ ಮೇಲೆ ಬಿಳಿ ಟೊಪ್ಪಿಗೆ. ಮೊಣಕೈತನಕ ಗ್ರೀಸು ಮೆತ್ತಿದ್ದರೂ ಆ ಟೊಪ್ಪಿಗೆಗೆ ಒಂದು ಕಪ್ಪು ಚುಕ್ಕೆ ಹತ್ತಿದ್ದನ್ನು ನಾನು ನೋಡಿಲ್ಲ. ಜಾರಿದರೆ ಮಣಿಕಟ್ಟಿನ ಹಿಂಭಾಗದಿಂದ ಮೇಲಕ್ಕೆ ತಳ್ಳುತ್ತಿದ್ದರು. ಅದನ್ನು ದಿನಾ ತೊಳೆದು ಕೊಡುತ್ತಿದ್ದುದು ಕಾಕಿ, ಅವರ ಹೆಂಡತಿ. "ತಲಿ ಒಂದರ ಸ್ವಚ್ಛ ಇರಲಿ ಅಂತಾಳ್ರಿ" ಎನ್ನುತ್ತಿದ್ದರು.

ಮಾತು ಕಡಿಮೆ. ಗಾಡಿ ತೋರಿಸಿದರೆ ಮೂರರಲ್ಲಿ ಒಂದು ಉತ್ತರ. "ಆಕ್ಕೈತಿ" ಎಂದರೆ ಆಗುತ್ತದೆ. "ಆಗೂದಿಲ್ಲ" ಎಂದರೆ ಆಗುವುದಿಲ್ಲ. "ನೋಡೂನು" ಎಂದರೆ, ನಿಮಗೆ ಬೇಜಾರಾಗದಿರಲಿ ಎಂದು ಮೆತ್ತಗೆ ಹೇಳಿದ ಆಗೂದಿಲ್ಲ. ಹೊಸಬರು ಈ ಮೂರನೆಯದನ್ನು ನಂಬಿ ಎರಡೆರಡು ತಾಸು ಕೂತಿರುತ್ತಿದ್ದರು.

ಕಬ್ಬಿನ ಹಂಗಾಮಿನಲ್ಲಿ ಅವರ ನಿಜವಾದ ಗುಣ ಗೊತ್ತಾಗುತ್ತಿತ್ತು. ಕಬ್ಬು ಹೇರಿಕೊಂಡು ಕಾರ್ಖಾನೆಗೆ ಹೋಗುವ ಎತ್ತಿನ ಗಾಡಿಗಳಿಗೂ ಈಗ ರಬ್ಬರ್ ಗಾಲಿ. ಅಂಥದೊಂದು ಗಾಡಿ ಬಂದು ನಿಂತರೆ ಕಾಕಾ ಕೈಯಲ್ಲಿದ್ದ ಕೆಲಸ ಬಿಟ್ಟು ಏಳುತ್ತಿದ್ದರು. ಒಮ್ಮೆ ಕಾರಿನವನೊಬ್ಬ, ಇಸ್ತ್ರಿ ಬಟ್ಟೆಯವನು, ನಾನು ಮೊದಲು ಬಂದಿದ್ದೇನೆ ಎಂದು ಜಗಳಕ್ಕೆ ಬಿದ್ದ.

"ಖರೆ ಐತ್ರಿ, ನೀವ ಮೊದಲ ಬಂದೀರಿ" ಎಂದರು ಕಾಕಾ. "ಆದ್ರ ಆ ಎತ್ತು ಹೆಗಲ ಮ್ಯಾಲ ನೊಗಾ ಹೊತ್ತ ನಿಂತಾವ. ನಿಮ್ಮ ಕಾರಿಗೇನ ಹೆಗಲ ನೋಯಾಕತ್ತೈತೇನು?"

ಅವತ್ತಿನಿಂದ ನಾನು ಅವರ ಭಕ್ತ. ಎತ್ತಿನ ಹೆಗಲಿಗೆ ಮುಲಾಮು ಹಚ್ಚಿ ಹಚ್ಚಿ ಬೇಸತ್ತಿದ್ದ ನನಗೆ, ಅದರ ನೋವನ್ನು ಲೆಕ್ಕಕ್ಕೆ ಹಿಡಿಯುವ ಇನ್ನೊಬ್ಬ ಸಿಕ್ಕಿದ್ದ. ಅವರ ತಂದೆ ಕುರಿ ಕಾಯ್ದವರು. ಚಿಕ್ಕಂದಿನಲ್ಲಿ ಇವರೂ ಹಿಂಡಿನ ಹಿಂದೆ ತಿರುಗಿದವರು. ಟೈರಿನ ಮೇಲೆ ಅಂಗೈ ಸವರುವಾಗ ಕುರಿಯ ಬೆನ್ನು ಸವರಿದ ಹಾಗೇ ಸವರುತ್ತಿದ್ದರು, ಹಿಂದಿನಿಂದ ಮುಂದಕ್ಕೆ, ಆಮೇಲೆ ಮುಂದಿನಿಂದ ಹಿಂದಕ್ಕೆ.

ಹಿಂದಿನ ಗಾಲಿಯ ಯಾವ ಕೆಲಸ ತಂದರೂ ಅವರ ಮೊದಲ ಪ್ರಶ್ನೆ ಒಂದೇ. "ಹಿಂದ ಯಾರ ಕುಂದರತಾರ?" ಮುಂದಿನ ಗಾಲಿ ಓಡಿಸುವವನದು, ಹಿಂದಿನದು ಹಿಂದೆ ಕೂತವರದು ಎಂದು ಅವರ ಹಿಸಾಬು. ಹಿಂದೆ ಹಾಲಿನ ಕ್ಯಾನು ಕಟ್ಟುವವರಿಗೆ ಒಂದು ಹವಾ, ಹೆಂಡತಿ ಕೂಡುವವರಿಗೆ ಒಂದು ಹವಾ, ಮೂರು ಮಕ್ಕಳನ್ನು ಸಾಲಾಗಿ ಕೂಡಿಸಿಕೊಳ್ಳುವವರಿಗೆ ಒಂದಿಷ್ಟು ಬೈಗುಳ ಸೇರಿಸಿ ಹವಾ. ಸವೆದ ಟೈರು ನೋಡಿ ಮನೆಯ ಸಂಗತಿ ಹೇಳುತ್ತಿದ್ದರು. ನನ್ನ ಹಳೆಯ ಗಾಡಿಯದನ್ನು ತಿರುಗಿಸಿ ನೋಡಿ, "ಅಕ್ಕಾರು ಎಡಕ ಕಾಲ ಇಳಿಬಿಟ್ಟ ಕುಂದರತಾರ. ಅವರು ಬೀಳಬಾರದಂತ ನೀವ ಬಲಕ್ಕ ವಾಲಿ ಹೊಡೀತೀರಿ. ಅದಕ್ಕ ನಿಮಗ ಸೊಂಟ ನೋಯ್ತೈತಿ" ಎಂದರು. ಸೊಂಟ ನೋಯುತ್ತದೆ ಎಂದು ನಾನು ಹೇಳಿರಲಿಲ್ಲ. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಆಕೆ ಇಡೀ ದಿನ ನಕ್ಕಳು. ಆಮೇಲೆ ಗಾಡಿಯ ಯಾವ ಮಾತು ಬಂದರೂ "ಕಾಕಾ ಏನಂತಾರ?" ಎಂದು ಕೇಳುವುದು ಅವಳ ರೂಢಿಯಾಯಿತು. ಆಗ ಅವಳು ಅವರನ್ನು ನಾಲ್ಕೈದು ಸಲವಷ್ಟೇ ನೋಡಿದ್ದಳು.

ಇನ್ನು ನನ್ನ ಹುಚ್ಚಿನ ವಿಷಯ. ಐವತ್ಮೂರನೇ ವಯಸ್ಸಿನಲ್ಲಿ, ತಲೆಯಲ್ಲಿ ಕೂದಲು ಕಡಿಮೆಯಾಗುವ ಹೊತ್ತಿಗೆ, ನಾನೊಂದು ಕ್ರೂಸರ್ ಬೈಕು ತಂದೆ. ತಗ್ಗು ಸೀಟು, ಎತ್ತರದ ಹ್ಯಾಂಡಲ್, ಕಾಲು ಮುಂದಕ್ಕೆ ಚಾಚಿ ಆರಾಮ ಕುರ್ಚಿಯಲ್ಲಿ ಕೂತ ಹಾಗೆ ಕೂತು ಹೋಗುವ ಗಾಡಿ. ಹಳ್ಳಿಯಲ್ಲಿ ಮಕ್ಕಳು ಓಡಿಬಂದು ನೋಡುತ್ತಿದ್ದವು. ನನಗೆ ಒಂದೇ ಕೊರಗು. ಮುಂದಿನಿಂದ ನೋಡಿದರೆ ಹೋರಿ, ಹಿಂದಿನಿಂದ ನೋಡಿದರೆ ಕುರಿ. ಹಿಂದಿನ ಟೈರು ಸಣಕಲಾಗಿತ್ತು. ಫೋನಿನಲ್ಲಿ ವಿಡಿಯೊ ನೋಡಿ ನೋಡಿ, ಅದಕ್ಕೆ ಎರಡಳತೆ ಅಗಲದ ಟೈರು ಹಾಕಿಸಿದರೆ ಗಾಡಿಗೆ ಕಳೆ ಬರುತ್ತದೆ, ಎರೆಮಣ್ಣಿನ ದಾರಿಯಲ್ಲಿ ಜಾರುವುದೂ ಇಲ್ಲ ಎಂದು ತಲೆಗೆ ಹೊಕ್ಕಿತು. ಕಳೆಯ ಆಸೆಯನ್ನು ಒಳಗಿಟ್ಟುಕೊಂಡು ಎರೆಮಣ್ಣಿನ ನೆಪ ಹಿಡಿದು ಕಾಕಾನ ಹತ್ತಿರ ಹೋದೆ.

"ಹಿಂದ ಯಾರ ಕುಂದರತಾರ?"

"ಗೊತ್ತಲ್ಲ ಕಾಕಾ, ನಮ್ಮ ಮನ್ಯಾಕಿ."

"ಹಂಗಾದ್ರ ಆಗೂದಿಲ್ಲ."

ನಾನು ವಾದಕ್ಕೆ ನಿಂತೆ. ಅವರು ಎದ್ದು ಬಂದು ಗಾಡಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತರು. ಟೈರಿಗೂ ಚೈನಿಗೂ ನಡುವಿನ ಸಂದಿಯಲ್ಲಿ ತೋರುಬೆರಳು ಹಾಕಿ ತೋರಿಸಿದರು. ಆಚೆ ಕಡೆಯೂ ಹಾಕಿದರು. ಮೇಲೆ ಮಡ್‌ಗಾರ್ಡಿನ ಕೆಳಗೂ ಹಾಕಿದರು.

"ಮೂರೂ ಕಡಿ ಬೆರಳ ಹೋಗ್ತೈತಿ, ನೋಡ್ರಿ. ಅಗಲದ್ದ ಹಾಕಿದ್ರ ಪೋಸ್ಟ್ ಕಾರ್ಡೂ ಹೋಗೂದಿಲ್ಲ. ನೀವು ಡಾಂಬರ ಮ್ಯಾಲ ಅಡ್ಡಾಡವರಲ್ಲ. ಈ ಎರಿ ಮಣ್ಣಿಗೆ ಹೋಗಾಕ ಜಾಗಾ ಬೇಕ್ರಿ. ಜಾಗಾ ಇಲ್ಲಂದ್ರ ಅಲ್ಲೇ ಕುಂದರತೈತಿ. ಅದು ಕುಂತ್ರ ಗಾಲಿ ನಿಂದರತೈತಿ."

"ಅಗಲ ಇದ್ರ ನೆಲಾ ಚಲೋ ಹಿಡೀತೈತಿ ಅಂತಾರಲ್ಲ?"

"ರಿಮ್ಮ ಅಷ್ಟ ಐತ್ರಿ. ಅಗಲದ್ದನ್ನ ಅದರಾಗ ಹಿಚುಕಿ ಕೂಡಿಸಿದ್ರ ಎರಡೂ ಅಂಚು ಒಳಗ ಜಗ್ಗಿ ನಡಕ ಉಬ್ಬತೈತಿ. ನೆಲಾ ಹಿಡಿಯೂದು ಮೊದಲಿನಷ್ಟ. ನೋಡಾಕ ಅಷ್ಟ ಅಗಲ."

ನೋಡುವುದಕ್ಕೇ ನನಗೂ ಬೇಕಾಗಿದ್ದು. ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆ. ಒಂದು ವಾರ ಬಿಟ್ಟು ಮತ್ತೆ ಹೋದೆ, ಇನ್ನೊಂದು ವಾರ ಬಿಟ್ಟು ಇನ್ನೊಮ್ಮೆ. ಎರಡನೇ ಸಲವೂ "ಆಗೂದಿಲ್ಲ". ಮೂರನೇ ಸಲ ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು, "ನೋಡೂನು" ಎಂದರು. ಅದರ ಅರ್ಥ ಗೊತ್ತಿದ್ದ ನನಗೆ ಸಿಟ್ಟು ನೆತ್ತಿಗೇರಿತು. ಹಳ್ಳಿಯ ಪಂಕ್ಚರ್ ಅಂಗಡಿಯವನು ನನಗೇನು ಹೇಳುವುದು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಈಗ ಬರೆಯುವಾಗ ಕೈ ಭಾರವಾಗುತ್ತದೆ, ಆದರೆ ಅಂದುಕೊಂಡಿದ್ದು ನಿಜ.

ಮನೆಯಲ್ಲಿ ಹೆಂಡತಿ ತನ್ನ ಮಾತು ಹೇಳಿಯಾಗಿತ್ತು. "ಕಾಕಾ ಹೂಂ ಅಂದ್ರ ಹಾಕಸ್ರಿ. ಅವರು ಬ್ಯಾಡ ಅಂದ್ರ ಬ್ಯಾಡ."

ಗೋಕಾಕದಲ್ಲಿ ಒಂದು ಕಡೆ ಹಾಕಿಸಿದೆ. ಅಲ್ಲಿ ಹಿಂದೆ ಯಾರು ಕೂಡುತ್ತಾರೆ ಎಂದು ಯಾರೂ ಕೇಳಲಿಲ್ಲ. ಮಡ್‌ಗಾರ್ಡಿನ ಪಟ್ಟಿಯನ್ನು ಒಂಚೂರು ಬಗ್ಗಿಸಿ, ಚೈನಿನ ಕಡೆ ಒಂದು ವಾಷರ್ ಕೊಟ್ಟು ಸರಿಸಿ, ಸಾಬೂನು ನೀರು ಹಚ್ಚಿ ಟೈರನ್ನು ಒಳಗೆ ಕೂಡಿಸಿ, "ಮಸ್ತ ಕಾಣತೈತ್ರಿ ಸರ್" ಎಂದರು. ಕಂಡಿತು. ನಾನು ದೂರ ಹೋಗಿ ನಿಂತು ನೋಡಿದೆ, ಹತ್ತಿರ ಬಂದು ನೋಡಿದೆ. ಮನೆಗೆ ತಂದಾಗ ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು, "ಕಾಕಾ ಹಾಕಿದ್ರೇನು?"

"ಹೂಂ, ಅವರ ಹಾಕಿದ್ರು" ಎಂದೆ.

ನನ್ನ ಜನ್ಮದಲ್ಲಿ ನಾನು ಆಡಿದ ಅತಿ ಸಣ್ಣ ಸುಳ್ಳು ಅದೇ ಇರಬೇಕು. ಯೋಚನೆ ಮಾಡಿಯೂ ಆಡಲಿಲ್ಲ. ಅವಳು ಸಮಾಧಾನದಿಂದ ಒಳಗೆ ಹೋಗಿ ಚಹಾ ಇಟ್ಟಳು.

ಸೀಗಿ ಹುಣ್ಣಿಮೆ ಬಂತು. ಫಲ ಹೊತ್ತ ಬೆಳೆಗೆ ನೈವೇದ್ಯದ ಚರಗ ಚೆಲ್ಲಿ, ಹೊಲದಲ್ಲೇ ಕೂತು ಉಣ್ಣುವ ದಿನ. ನಾಗನೂರಿನಲ್ಲಿ ಹೆಂಡತಿಯ ತವರಿನ ಹೊಲ ಕಾಲುವೆಯ ಏರಿ ದಾಟಿದ ಮೇಲೆ. ಹಿಂದಿನ ದಿನ ಒಂದು ಮಳೆ ಬಿದ್ದಿತ್ತು. ತೊಡೆಯ ಮೇಲೆ ಕಡಬು, ಸಜ್ಜೆ ರೊಟ್ಟಿ, ಪುಂಡಿಪಲ್ಯದ ಬುಟ್ಟಿ ಇಟ್ಟುಕೊಂಡು, ಎಡಕ್ಕೆ ಕಾಲು ಇಳಿಬಿಟ್ಟು ಅವಳು ಹಿಂದೆ ಕೂತಿದ್ದಳು. ಹೊಲದ ದಾರಿಯಲ್ಲಿ ನೂರು ಮಾರು ಹೋಗುವಷ್ಟರಲ್ಲಿ ಗಾಡಿ ಎಳೆಯಲೊಲ್ಲದು. ಇಳಿದು ನೋಡಿದರೆ ಮಡ್‌ಗಾರ್ಡಿನ ಒಳಗೆ ಎರೆಮಣ್ಣು ಗಿಡಿದು ಕೂತಿತ್ತು. ಕಡ್ಡಿಯಿಂದ ಕೆದರಿ ತೆಗೆದೆ. ತೆಗೆದಷ್ಟು ತೆಗೆದೆ, ಉಳಿದದ್ದು ತಾನೇ ಉದುರುತ್ತದೆ ಅಂದುಕೊಂಡೆ.

"ನಡಕೋತ ಹೋಗೂನ್ರಿ, ಇಲ್ಲೇ ಐತೆಲ್ಲಾ" ಎಂದಳು ಅವಳು.

ಮೈದುನನ ಮುಂದೆ ಗಾಡಿಯ ಮೇಲೆಯೇ ಹೋಗಿ ಇಳಿಯಬೇಕಲ್ಲ ನನಗೆ. ಕೂಡು ಎಂದೆ. ಏರಿ ಹತ್ತುವಾಗ ಜೋರು ಮಾಡಿದೆ, ಹತ್ತಿತು. ಏರಿಯ ಮೇಲೆ ನೆಲ ಗಟ್ಟಿ ಇತ್ತು, ಇನ್ನಷ್ಟು ಜೋರು ಮಾಡಿದೆ. ಆಚೆ ಇಳಿಯುವಾಗ ಹಿಂದಿನ ಗಾಲಿ ಒಮ್ಮೆಲೇ ನಿಂತುಬಿಟ್ಟಿತು. ಬ್ರೇಕು ನಾನು ಮುಟ್ಟಿರಲಿಲ್ಲ. ಗಾಡಿ ಅಡ್ಡಡ್ಡ ಜಾರಿ ಇಳಿಜಾರಿಗೆ ಉರುಳಿತು. ನಾನು ಬದಿಯ ಹುಲ್ಲಿಗೆ ಬಿದ್ದೆ. ಅವಳ ಎಡಗಾಲು ಗಾಡಿಯ ಕೆಳಗಿತ್ತು. ಬುಟ್ಟಿಯ ಕಡಬು ಏರಿಯ ತುಂಬ ಉರುಳಿದ್ದವು. ಹೊಲದಲ್ಲಿ ಚರಗ ಚೆಲ್ಲುತ್ತಿದ್ದವರು ಓಡಿಬಂದು ಗಾಡಿ ಎತ್ತಿದರು. ಮಂಡಿಯ ಕೆಳಗೆ ಎಲುಬು ಎರಡು ಕಡೆ ಮುರಿದಿತ್ತು.

ಗೋಕಾಕದ ಆಸ್ಪತ್ರೆಯಲ್ಲಿ ಅವಳಿಗೆ ರಾಡು ಹಾಕಿದ ಮಾರನೆಯ ದಿನ ಮೈದುನ ಬಂದ. ಹೊಲದವನು, ಸಿಟ್ಟಿನವನು, ಅಕ್ಕ ಎಂದರೆ ಜೀವ. ಗಾಡಿಯನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಮೂಡಲಗಿಗೆ ಹೋಗಿ ಬಂದಿದ್ದ.

"ಮಂದಿ ಮುಂದ ನಿಂದ್ರಿಸಿ ಕೇಳೇನಿ ಮಾಮಾ" ಎಂದ. "ಏನ ಅಂತ ಹಾಕಿದಿ ಈ ಟೈರು, ನಮ್ಮಕ್ಕ ಕುಂಟಿ ಆದ್ಲು ಅಂದ್ರ ನಿನ್ನ ಅಂಗಡಿಗಿ ಬೆಂಕಿ ಹಚ್ಚತೇನಿ ಅಂದೆ."

"ಅವರೇನಂದ್ರು?" ಎಂದು ಕೇಳಿದೆ.

"ಏನಂತಾನ? ಟೈರ್ ಕಡಿಗೆ ನೋಡಿದ. ಬೆರಳ ಹಾಕಾಕ ಹ್ವಾದ, ಹೋಗಲಿಲ್ಲ. ಸುಮ್ನ ಕುಂತ. ಆಮ್ಯಾಲ ಮೊದಲ ಕೇಳಿದ್ದು, ಅಕ್ಕಾರ ಹೆಂಗ ಅದಾರ ಅಂತ. ತಪ್ಪಾತ್ರಿ ಅಂದ. ಕೈ ಎತ್ತಬೇಕಂತ ಹೋದಾವ ಬಿಟ್ಟ ಬಂದೆ."

ಬಾಯಿ ತೆರೆಯಬೇಕಾದ ಹೊತ್ತು ಅದೇ ಆಗಿತ್ತು. ಹೆಂಡತಿ ಮಂಚದ ಮೇಲಿದ್ದಳು, ಮೈದುನ ಎದುರಿಗಿದ್ದ, ನಾನು ನಡುವೆ ಸ್ಟೂಲಿನ ಮೇಲೆ. ಹೆದರಿದೆ ಎಂದರೆ ಸರಿಯಾದೀತು. ಗಾಡಿ ಓಡಿಸಿ ಕೆಡವಿದ್ದೂ ನಾನೇ, ಟೈರು ಹಾಕಿಸಿದ್ದೂ ನಾನೇ, ಸುಳ್ಳು ಹೇಳಿದ್ದೂ ನಾನೇ ಎಂದಾದರೆ ನನಗೆ ನಿಲ್ಲಲು ಜಾಗವೇ ಉಳಿಯುತ್ತಿರಲಿಲ್ಲ.

ನಾಲ್ಕನೇ ದಿನ ಕಾಕಾ ಬಂದರು. ಬಸ್ಸಿನಲ್ಲಿ ಬಂದಿದ್ದರು, ಒಗೆದ ಅಂಗಿ, ಬಿಳಿ ಟೊಪ್ಪಿಗೆ, ಕೈಯಲ್ಲಿ ಮೋಸಂಬಿಯ ಚೀಲ. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದು, ಮಂಚದ ಕಾಲ ಕಡೆ ನಿಂತರು.

"ನೋವ ಕಡಿಮಿ ಐತೇನ್ರಿ ಅಕ್ಕಾರ?"

ನನ್ನ ಹೆಂಡತಿ ಅವರನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಕಾಕಾ, ಇವರಿಗೆ ತಿಳೀಲಿಲ್ಲ ಅಂದ್ರ ನಿಮಗರೆ ತಿಳೀಬೇಕಿತ್ತು. ನೀವರೆ ಬ್ಯಾಡ ಅನಬೇಕಿತ್ತಲ್ರಿ" ಎಂದಳು.

ಮೂರು ಸಲ ಬೇಡ ಎಂದ ಮನುಷ್ಯ ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ಹೂಂ ಅಕ್ಕಾರ. ಅನಬೇಕಿತ್ತು" ಎಂದರು. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಅವರು ಮೋಸಂಬಿಯ ಚೀಲವನ್ನು ಕಿಟಕಿಯಲ್ಲಿಟ್ಟು ಹೊರಬಂದರು.

ನಾನು ಮೆಟ್ಟಿಲ ತನಕ ಹಿಂದೆ ಹೋದೆ. ಕಾಲು ಹಿಡಿಯಬೇಕು ಅನ್ನಿಸಿತು, ಜನ ಓಡಾಡುತ್ತಿದ್ದರು. "ಕಾಕಾ, ನಾ ಮನ್ಯಾಗ ಸುಳ್ಳ ಹೇಳಿದ್ದೆ" ಎಂದೆ.

"ಗಾಡಿ ನೋಡಿದಾಗ ತಿಳೀತ್ರಿ."

"ನೀವ್ಯಾಕ ಖರೆ ಹೇಳಲಿಲ್ಲ?"

ಅವರು ಒಂದು ಮೆಟ್ಟಿಲು ಇಳಿದು ನಿಂತರು. "ಡಾಕ್ಟರ, ಅಕ್ಕಾರಿಗೆ ಕಾಲ ಒಂದ ಮುರದೈತಿ. ಗಂಡ ಸುಳ್ಳ ಹೇಳ್ಯಾನಂತ ಈಗ ಯಾಕ ಹೇಳೂದ್ರಿ. ಎದ್ದ ಅಡ್ಡಾಡಲಿ. ಹೇಳೂದಿದ್ರ ಆಮ್ಯಾಲ ನೀವ ಹೇಳ್ರಿ. ನಾ ಹೇಳೂ ಮಾತಲ್ಲ ಅದು."

"ಹೇಳತೇನಿ ಕಾಕಾ. ಅಕಿ ಎದ್ದ ಕೂಡಲೇ ಹೇಳತೇನಿ."

"ಆಕ್ಕೈತಿ" ಎಂದರು.

ನಾಲ್ಕು ತಿಂಗಳಿಗೆ ಅವಳು ಎದ್ದಳು. ಕಾಲು ಒಂದಿಷ್ಟು ಗಿಡ್ಡವಾಗಿ, ವಾಲಿ ನಡೆಯುವುದು ಕಾಯಂ ಆಯಿತು. ಅವಳು ಮೊದಲ ಸಲ ಅಡುಗೆಮನೆಯಿಂದ ಪಡಸಾಲೆಗೆ ಒಬ್ಬಳೇ ನಡೆದುಬಂದು ನಕ್ಕ ದಿನ ಹೇಳಬೇಕೆಂದಿದ್ದೆ. ಆ ನಗುವನ್ನು ಕೆಡಿಸಬಾರದೆಂದು ಬಿಟ್ಟೆ. ಮುಂದಿನ ತಿಂಗಳು ಅವಳ ತವರಿನಲ್ಲಿ ಮದುವೆ, ಅದು ಮುಗಿಯಲಿ ಎಂದು ಬಿಟ್ಟೆ. ಆಮೇಲೆ ನೆಪವೂ ಬೇಕಾಗಲಿಲ್ಲ, ಬಿಡುವುದೇ ರೂಢಿಯಾಯಿತು. ಒಂದು ಮಾತನ್ನು ಹೇಳದೆ ಹೊತ್ತುಕೊಂಡು ತಿರುಗುವುದು ಎಷ್ಟು ದಣಿವಿನ ಕೆಲಸ ಎಂದು ನನಗೆ ಗೊತ್ತಾದದ್ದು ಆ ವರ್ಷಗಳಲ್ಲಿ. ಎಮ್ಮೆ ಈಯಿಸಿ ಬಂದರೂ ಅಷ್ಟು ದಣಿಯುತ್ತಿರಲಿಲ್ಲ.

ಇತ್ತ ಮೈದುನ ಸುಮ್ಮನಿರಲಿಲ್ಲ. ನಾಗನೂರಿನ ಕಡೆಯವರು ಕಾಕಾನ ಅಂಗಡಿಗೆ ಹೋಗುವುದನ್ನು ಬಿಟ್ಟರು. ಕಾಸು ಕೊಟ್ಟರೆ ಎಂಥ ಟೈರನ್ನೂ ಹಾಕುವವನು ಎಂದು ಮಾತು ಹಬ್ಬಿತು. ಹಿಂದೆ ಯಾರು ಕೂಡುತ್ತಾರೆ ಎಂದು ಕೇಳದೆ ಸ್ಪ್ಯಾನರ್ ಮುಟ್ಟದ ಮನುಷ್ಯನ ಮೇಲೆ ಈ ಮಾತು. ಕಬ್ಬಿನ ಗಾಡಿಯವರು ಮಾತ್ರ ಬಿಡಲಿಲ್ಲ, ಅವರು ದೂರದಿಂದ ಬಂದವರು, ಅವರಿಗೆ ಸುದ್ದಿ ತಲುಪಿರಲಿಲ್ಲ. ಉಳಿದ ಹಂಗಾಮಿನಲ್ಲಿ ಕಾಕಾ ಗೋಣಿಚೀಲದ ಟೈರಿನ ಮೇಲೆ ಸುಮ್ಮನೆ ಕೂತಿರುವುದು ಕಾಣುತ್ತಿತ್ತು.

ನಾನು ಆ ರಸ್ತೆ ತಪ್ಪಿಸಲು ನೋಡಿದೆ. ಮೂಡಲಗಿಯೇನು ಬೆಂಗಳೂರೇ, ಎಷ್ಟು ದಿನ ತಪ್ಪಿಸುವುದು. ಒಂದು ದಿನ ಅವರೇ ಕೈ ಅಡ್ಡ ಹಿಡಿದು ನಿಲ್ಲಿಸಿದರು. "ಹಿಂದ ಹವಾ ಕಡಿಮಿ ಐತಿ, ಬರ್ರಿ" ಎಂದರು. ಗಾಡಿಗೆ ಹಳೆಯ ಅಳತೆಯ ಟೈರನ್ನು ಮೈದುನ ಜಗಳಕ್ಕೆ ಹೋದ ದಿನವೇ ಅವರು ಕೂಡಿಸಿ ಕಳಿಸಿದ್ದರು, ಅವನ ಟ್ರ್ಯಾಕ್ಟರಿನಲ್ಲೇ. ಹವಾ ಹಾಕಿದರು. ನಾನು ಹೊರಡಲು ಎದ್ದಾಗ ಟೊಪ್ಪಿಗೆಯನ್ನು ಮಣಿಕಟ್ಟಿನಿಂದ ಹಿಂದೆ ತಳ್ಳಿ, "ಮತ್ತೇನ್ರಿ ಡಾಕ್ಟರ?" ಎಂದು ಕೇಳಿದರು.

ಏನು ಕೇಳಿದರೆಂದು ನನಗೆ ಗೊತ್ತಿತ್ತು. "ಏನಿಲ್ಲ ಕಾಕಾ" ಎಂದೆ.

ಆಮೇಲೂ ಹೋದಾಗಲೆಲ್ಲ ಆ ಒಂದು ಪ್ರಶ್ನೆ, ಆ ಒಂದು ಉತ್ತರ. ಒತ್ತಾಯವಿಲ್ಲ, ಕುಟುಕಿಲ್ಲ. ಹುಕ್ಕೇರಿಗೆ ವರ್ಗವಾದಾಗ ಎಲ್ಲರೂ ದೂರವಾಯಿತು ಎಂದು ಮರುಗಿದರು. ನನಗೆ ಒಳಗೊಳಗೇ ಹಗುರಾಯಿತು, ಇನ್ನು ಆ ಅಂಗಡಿಯ ಮುಂದೆ ಹಾಯಬೇಕಿಲ್ಲವಲ್ಲ ಎಂದು. ಎರಡು ತಿಂಗಳ ಹಿಂದೆ ಅವರು ಹಾಸಿಗೆ ಹಿಡಿದಿದ್ದಾರೆ ಎಂದು ಕೇಳಿದೆ. ಹೋಗಬೇಕು ಅಂದುಕೊಂಡೆ. ದನಗಳಿಗೆ ಲಸಿಕೆಯ ಕೆಲಸ ಬಂತು, ಕಿವಿ ಬಿಲ್ಲೆಯ ಕೆಲಸ ಬಂತು. ನಾಲ್ಕು ದಿನ ರಜೆ ಹಾಕಿದರೆ ಇಲಾಖೆ ಮುಳುಗುತ್ತಿರಲಿಲ್ಲ.

ಸುದ್ದಿ ಬಂದ ಸಂಜೆ ಗೋಕಾಕದ ಮನೆಗೆ ಹೋದವನೇ, ಚಪ್ಪಲಿ ಬಿಡುವ ಮೊದಲೇ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಹಸಿಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತಿದ್ದಳು. ಕೈ ನಿಂತಿತು.

"ದವಾಖಾನಿಗೆ ಬಂದಾಗ ನೀವು ಅಲ್ಲೇ ಇದ್ರಿ" ಎಂದಳು ಕೊನೆಗೆ. "ನಾ ಅವರಿಗೆ ಹಂಗ ಅಂದಾಗ ನೀವು ನನ್ನ ಬಾಜೂಕ ಕುಂತಿದ್ರಿ."

"ಹೂಂ."

"ನನ್ನ ಕಾಲಿನ ಸುದ್ದಿ ಬಿಡ್ರಿ. ಅದು ಹೋದದ್ದು ಹೋತು. ಆ ಮಾತ ನನ್ನ ಬಾಯಿಲೆ ಆಡಿಸಿದ್ರೆಲ್ಲಾ." ಎದ್ದು ಒಳಗೆ ಹೋದಳು. ಒಳಗಿನಿಂದಲೇ, "ನಾಳೆ ಮುಂಜಾನೆ ಮೂಡಲಗಿಗೆ ಹೋಗೂನು. ತಮ್ಮಗೂ ಬಾ ಅಂತ ಹೇಳ್ರಿ. ಎಲ್ಲಾರ ಮುಂದ ಹೇಳ್ರಿ" ಎಂದಳು.

ಬಸ್ಸಿನಲ್ಲಿ ಹೋದೆವು. ಗಾಡಿಯ ಹಿಂದೆ ಅವಳು ಆಮೇಲೆ ಎಂದೂ ಕೂತವಳಲ್ಲ. ಮೈದುನ ಏನೆಂದು ತಿಳಿಯದೆ ಬಂದಿದ್ದ, ಆ ಟೈರಿನವನ ಮನೆಗೆ ನಾವ್ಯಾಕೆ ಎಂದು ಗೊಣಗುತ್ತಿದ್ದ. ಎರಡು ಕೋಣೆಯ ಮನೆ. ಜಮಖಾನೆಯ ಮೇಲೆ ಏಳೆಂಟು ಜನ ಕೂತಿದ್ದರು. ಕಾಕಿ ಗೋಡೆಗೆ ಒರಗಿದ್ದರು. ನನ್ನ ಹೆಂಡತಿ ವಾಲುತ್ತ ಹೋಗಿ ಅವರ ಬಾಜೂ ನೆಲದ ಮೇಲೆ ಕೂತಳು. ಕಾಲು ಮಡಚಲು ಬಾರದು, ಚಾಚಿಕೊಂಡೇ ಕೂತಳು. ಕಾಕಿ ಆ ಕಾಲನ್ನು ನೋಡಿ ಸೆರಗು ಬಾಯಿಗೆ ಇಟ್ಟುಕೊಂಡರು.

ನಾನು ನಿಂತೇ ಹೇಳಿದೆ. ಕೂತು ಹೇಳುವ ಮಾತಾಗಿರಲಿಲ್ಲ. ಟೈರು ಕಾಕಾ ಹಾಕಿದ್ದಲ್ಲ, ಗೋಕಾಕದಲ್ಲಿ ನಾನು ಹಾಕಿಸಿದ್ದು, ಅವರು ಮೂರು ಸಲ ಬೇಡ ಎಂದಿದ್ದರು, ಮನೆಯಲ್ಲಿ ನಾನು ಸುಳ್ಳು ಹೇಳಿದೆ, ಅವರು ಅದನ್ನು ತಮ್ಮ ತಲೆಗೆ ಕಟ್ಟಿಕೊಂಡರು. ಹೇಳುವುದಕ್ಕೆ ಐದು ನಿಮಿಷವೂ ಹಿಡಿಯಲಿಲ್ಲ. ಆರು ವರ್ಷ ನನ್ನನ್ನು ತಿಂದ ಮಾತು ಅಷ್ಟೇ ಉದ್ದದ್ದು. ಮೈದುನ ಜಮಖಾನೆಯ ಅಂಚಿನ ದಾರವನ್ನು ಎಳೆಯುತ್ತ ತಲೆ ತಗ್ಗಿಸಿ ಕೂತ. ಹಿರಿಯರೊಬ್ಬರು, "ಆಗಿದ್ದ ಆತ್ರಿ, ಕುಂದರ್ರಿ" ಎಂದರು.

ಕಾಕಿ ಸೆರಗು ತೆಗೆದರು. "ಹಂಗಾದ್ರ ಅದನ್ನ ಅವರು ಹಾಕಿದ್ದಿಲ್ಲೇನ್ರಿ?"

ನಾನು ಬೆಚ್ಚಿ ಅವರ ಮುಖ ನೋಡಿದೆ. ಅವರಿಗೆ ಗೊತ್ತಿರುತ್ತದೆ ಎಂದೇ ಈ ಎಲ್ಲಾ ವರ್ಷ ನಂಬಿಕೊಂಡಿದ್ದೆ. ಮನೆಯಲ್ಲಾದರೂ ಹೇಳಿಕೊಂಡು ಮನಸ್ಸು ಹಗುರ ಮಾಡಿಕೊಂಡಿರುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. "ಇಲ್ಲ ಕಾಕಿ" ಎಂದೆ.

"ನನಗೂ ಹೇಳಲಿಲ್ರಿ" ಎಂದರು ಅವರು. "ನಾ ಎಷ್ಟ ಬೈದೇನಿ ಅವರಿಗೆ. ಡಾಕ್ಟರಿಗೆ ಒಲ್ಲೆ ಅನಾಕ ನಿಮ್ಮ ನಾಲಿಗಿ ಏಳಲಿಲ್ಲೇನು, ಆ ಹೆಣಮಗಳ ಕಾಲ ಮುರದ ಕುಂತ್ರಿ, ಆ ಶಾಪ ನಮಗ ಹತ್ತತೈತಿ ಅಂತ. ಹಾಸಿಗಿ ಹಿಡದ ಮ್ಯಾಲೂ ಬೈದೇನ್ರಿ. ಅನುಭವಿಸ್ರಿ ಅಂದೇನಿ. ಒಂದ ಸಲ ಅಲ್ಲ ಅನಲಿಲ್ಲ."

ನನ್ನ ಹೆಂಡತಿ ಅವರ ಕೈ ಹಿಡಿದುಕೊಂಡಳು. ಕಾಕಿ ಕೈ ಬಿಡಿಸಿಕೊಳ್ಳಲಿಲ್ಲ, ಅಳಲೂ ಇಲ್ಲ. ದಣಿದ ಕಣ್ಣಿನಿಂದ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ.

"ನೀವು ಮೊನ್ನೆ ಬರಬೇಕಿತ್ತ್ರಿ ಡಾಕ್ಟರ" ಎಂದರು. "ಮೊನ್ನೆ ಮುಂಜಾನಿತನಾ ಅವರಿಗೆ ಕಿವಿ ಕೇಳತಿದ್ದು. ನಾ ತಪ್ಪಾತು ಅಂತಿದ್ನೆಲ್ರಿ."